ಒಬ್ಬೊಬ್ಬರಿಗೆ ಐದು ಮನೆ

ಹಾಸನ
ದೊಡ್ಡಮ್ಮ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಆ ಕಡೆ ಅತ್ತಿಗೆ ಡೈರಿಗೆ ಹೊತ್ತಾಯಿತು ಅಂತ ಕೂಗುತ್ತಿದ್ದಳು, ಈ ಕಡೆ ನನಗೆ ಕ್ಲಾಸಿತ್ತು. ನೀನು ಕೇಳಿದ್ದೂ ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲ. ‘ಇಂಜೆಕ್ಷನ್ ಕೊಡಲ್ಲ, ಮಾತ್ರೆ ಕೊಡಲ್ಲ, ಬರೀ ಬರ್ಕಂಡು ಹೋಗಕ್ಕೆ ಆ ಹುಡುಗ್ರು ನಮ್ಮೂರಿಗೆ ಯಾಕ್ ಬರ್ಬೇಕು?’ ಅಂದೆಯಲ್ಲ, ಅದನ್ನೇ ನಮ್ಮ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳೂ ಪ್ರತಿ ವರ್ಷ ನನ್ನನ್ನು ಕೇಳುತ್ತಾರೆ. ಅವರು ಇಂಗ್ಲಿಷಿನಲ್ಲಿ ಕೇಳುತ್ತಾರೆ ಅನ್ನುವುದಷ್ಟೇ ವ್ಯತ್ಯಾಸ.

ವಿಷಯ ಇಷ್ಟು. ಈಗ ಎಂಬಿಬಿಎಸ್ ಸೇರಿದ ಮೊದಲ ವರ್ಷದಿಂದಲೇ ಪ್ರತಿಯೊಬ್ಬ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತಗೊಳ್ಳಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇದನ್ನು ಜಾರಿಗೆ ತಂದಾಗ ಒಬ್ಬೊಬ್ಬರಿಗೆ ಐದು ಮನೆ ಅಂದಿತ್ತು. ದತ್ತು ಅಂದ ತಕ್ಷಣ ಊರಿನವರು ಗಾಬರಿಯಾಗುವುದು ಬೇಡ, ತೋಟದಲ್ಲಿ ಪಾಲು ಕೇಳುವುದಿಲ್ಲ. ಅವೇ ಮನೆಗಳಿಗೆ ಮತ್ತೆ ಮತ್ತೆ ಬರುತ್ತಾರೆ. ಯಾರಿಗೆ ಬಿಪಿ, ಯಾರಿಗೆ ಶುಗರ್, ಯಾವ ಮಗುವಿಗೆ ಯಾವ ಲಸಿಕೆ ಆಗಿದೆ, ನೀರು ಎಲ್ಲಿಂದ ಬರುತ್ತೆ, ಒಲೆ ಯಾವುದು ಎಂದು ನೋಡುತ್ತಾರೆ, ಕೇಳುತ್ತಾರೆ, ಆಮೇಲೆ ಏನಾಯಿತು ಅಂತ ತಿಳಿಯಲು ಮತ್ತೆ ಬರುತ್ತಾರೆ. ಆ ಐದರ ಲೆಕ್ಕದಲ್ಲಿ 150 ಮಕ್ಕಳ ಬ್ಯಾಚಾದರೆ 750 ಮನೆ ಬೇಕು. ಒಂದು ಊರಿನಲ್ಲಿ ಅಷ್ಟು ಮನೆ ಎಲ್ಲಿಂದ ಬರಬೇಕು? ಅದಕ್ಕೇ ಹೋಬಳಿಯ ಬೇರೆ ಬೇರೆ ಊರು ಹುಡುಕುತ್ತಿದ್ದೇವೆ. ನಿಮ್ಮ ದಂಡಿಗನಹಳ್ಳಿ ಹೋಬಳಿಯ ಹೆಸರು ಬಂದ ಕೂಡಲೇ ನನಗೆ ನಿನ್ನ ನೆನಪಾಯಿತು.

ಡಾಕ್ಟರಾಗುವವರನ್ನು ಹಳ್ಳಿಗೆ ಕಳಿಸಬೇಕು ಅನ್ನುವುದು ಹೊಸ ಯೋಚನೆಯೇನಲ್ಲ. ಸ್ವಾತಂತ್ರ್ಯ ಬರುವುದಕ್ಕೆ ಮುಂಚೆಯೇ, 1946ರಲ್ಲಿ, ಭೋರ್ ಸಮಿತಿ ಇದನ್ನು ಹೇಳಿತ್ತು. ರೋಗ ಬಂದ ಮೇಲೆ ನೋಡುವ ಡಾಕ್ಟರ್ ಸಾಲದು, ಸಮಾಜವನ್ನು ನೋಡಬಲ್ಲ ಡಾಕ್ಟರ್ ಬೇಕು, ಅದಕ್ಕೆ ಮೂರು ತಿಂಗಳ ತರಬೇತಿ ಕೊಡಿ ಅಂತ. ಆಮೇಲೆ 1977ರಲ್ಲಿ ಪ್ರತಿ ಮೆಡಿಕಲ್ ಕಾಲೇಜೂ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ವಹಿಸಿಕೊಳ್ಳಬೇಕೆಂಬ ಯೋಜನೆ ಬಂತು. ಅದಕ್ಕೆ ಇಂಗ್ಲೆಂಡಿನಿಂದ ದೊಡ್ಡ ದೊಡ್ಡ ವ್ಯಾನ್‌ಗಳು ಬಂದವು. ನಮ್ಮ ಹಳ್ಳಿಯ ಓಣಿಯಲ್ಲಿ ಎತ್ತಿನ ಗಾಡಿಯೇ ಹಿಂದೆ ಮುಂದೆ ನೋಡಿಕೊಂಡು ತಿರುಗಬೇಕು, ಅಲ್ಲಿ ಆ ವ್ಯಾನ್ ಏನು ಮಾಡೀತು? ಎಷ್ಟೋ ಕಾಲೇಜುಗಳಲ್ಲಿ ಅವು ಶೆಡ್ಡಿನಲ್ಲೇ ತುಕ್ಕು ಹಿಡಿದವು. ವ್ಯಾನ್ ಇಲ್ಲದೆಯೇ ಚೆನ್ನಾಗಿ ನಡೆದದ್ದೂ ಉಂಟು. 1973ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಹಾಲಿನ ಸಹಕಾರ ಸಂಘದ ಜೊತೆ ಸೇರಿ ಆರೋಗ್ಯ ಕೇಂದ್ರ ತೆರೆಯಿತು. ಡೈರಿಗೆ ಹಾಕುವ ಹಾಲಿನ ಲೀಟರಿಗೆ ಇಷ್ಟು ಪೈಸೆ ಅಂತ ಊರಿನವರೇ ಅದಕ್ಕೆ ತೆಗೆದಿಟ್ಟರು. ಸಂಜೆಯಾದರೆ ಕ್ಯಾನು ಹಿಡಿದು ಡೈರಿ ಮುಂದೆ ಸಾಲು ನಿಲ್ಲುವ ನಿಮ್ಮೂರಿನಲ್ಲಿ ಇಂಥದ್ದು ಯಾಕಾಗಬಾರದು ಅಂತ ನನಗೆ ಆಗಾಗ ಅನ್ನಿಸುತ್ತೆ. ಡೈರಿ ಸೆಕ್ರೆಟರಿ ಸಿಕ್ಕಾಗ ಈ ಮಳ್ಳೂರಿನ ಸಂಗತಿಯನ್ನು ಅವರ ಕಿವಿಗೆ ಹಾಕಿಡು.

ಇರಲಿ, ನಿನ್ನ ಪ್ರಶ್ನೆಗೆ ಬರುತ್ತೇನೆ.

2025ರ ಜೂನ್ ನೆನಪಿದೆಯಾ? ಟಿವಿ ಹಾಕಿದರೆ ಸಾಕು, ಹಾಸನದಲ್ಲಿ ಮತ್ತೊಂದು ಹೃದಯಾಘಾತ. ಸುಮಾರು ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು, ಅದರಲ್ಲಿ ಎಷ್ಟೋ ಚಿಕ್ಕ ವಯಸ್ಸಿನವರು. ನೀನು ಹೆದರಿ ಅಣ್ಣನನ್ನು ಬೆಳಗಿನ ಜಾವಕ್ಕೇ ಎಬ್ಬಿಸಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಓಡಿಸಿದೆ. ಅಲ್ಲಿ ನೋಡಿದರೆ ಜಿಲ್ಲೆಗೆ ಜಿಲ್ಲೆಯೇ ಬಂದು ನಿಂತಹಾಗೆ ಸಾಲು. ‘ಕೋವಿಡ್ ವ್ಯಾಕ್ಸಿನ್ ಹಾಕಿಸ್ಕಂಡಿದ್ದಕ್ಕೇ ಹಿಂಗಾಗ್ತಿರೋದು’ ಅಂತ ನಿಮ್ಮ ಬಸ್‌ಸ್ಟ್ಯಾಂಡಿನಲ್ಲಿ ತೀರ್ಪೂ ಆಗಿಹೋಗಿತ್ತು. ನಿನ್ನ ಭಯವನ್ನು ನಾನು ಹಗುರ ಮಾಡುತ್ತಿಲ್ಲ. ಗಟ್ಟಿಮುಟ್ಟಾಗಿದ್ದ ಹುಡುಗ ಬೆಳಗ್ಗೆ ಇದ್ದು ಸಂಜೆಗೆ ಇಲ್ಲ ಅಂದರೆ ಯಾರ ಎದೆ ನಡುಗುವುದಿಲ್ಲ?

ಆದರೆ ಆ ವಾರ ನಾನು ಕ್ಲಾಸಿನಲ್ಲಿ ಪಾಠ ಬದಿಗಿಟ್ಟು ಒಂದೇ ಪ್ರಶ್ನೆ ಹಾಕಿದೆ. ಇಪ್ಪತ್ತು ಅಂದಿರಲ್ಲ, ಎಷ್ಟರಲ್ಲಿ ಇಪ್ಪತ್ತು? ಯಾರಿಗೂ ಗೊತ್ತಿರಲಿಲ್ಲ. ಬೋರ್ಡಿನ ಮೇಲೇ ಲೆಕ್ಕ ಹಾಕಿದೆವು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನ 17,76,421. ರಾಜ್ಯದಲ್ಲಿ ವರ್ಷಕ್ಕೆ ಸಾವಿರಕ್ಕೆ ಆರು ಜನ ತೀರಿಕೊಳ್ಳುತ್ತಾರೆ ಅಂತ ಹಿಡಿದರೂ ಹಾಸನ ಜಿಲ್ಲೆಯಲ್ಲಿ ದಿನಕ್ಕೆ ಸುಮಾರು 29 ಸಾವು, ನಲವತ್ತು ದಿನಕ್ಕೆ ಸಾವಿರಕ್ಕೂ ಮೇಲೆ. ನಮ್ಮ ದೇಶದ ಸಾವುಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಹೃದಯ, ರಕ್ತನಾಳದ ಕಾಯಿಲೆಗಳಿಂದಲೇ ಆಗುವುದು. ಅಂದರೆ ಯಾವ ಸುದ್ದಿಯೂ ಇಲ್ಲದ ನಲವತ್ತು ದಿನದಲ್ಲಿ ಕೂಡ ನಮ್ಮ ಜಿಲ್ಲೆಯಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಹೀಗೆ ಹೋಗುತ್ತಿರಬೇಕು. ಗಾಳಿ ಬೀಸಿದ ಬೆಳಗ್ಗೆ ತೋಟದಲ್ಲಿ ಬಿದ್ದ ಕಾಯಿ ಎಣಿಸಿದರೆ ಸಾಲದು ಅಂತ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಷ್ಟು ಮರ, ಗಾಳಿಯಿಲ್ಲದ ದಿನ ಎಷ್ಟು ಬೀಳುತ್ತಿತ್ತು ಅಂತ ಗೊತ್ತಿದ್ದರೆ ತಾನೇ ಈ ದಿನ ಹೆಚ್ಚೋ ಕಡಿಮೆಯೋ ಹೇಳಲು ಆಗುವುದು?

ಒಬ್ಬ ಹುಡುಗಿ ಎದ್ದು ನಿಂತು, ‘ಮೇಡಂ, ಅದು ಎಲ್ಲ ವಯಸ್ಸಿನವರ ಲೆಕ್ಕ. ಇವರು ಚಿಕ್ಕವರು’ ಅಂದಳು. ನನಗೆ ಖುಷಿಯಾಯಿತು. ಸರಿಯಾದ ಜಾಗಕ್ಕೇ ಕೈ ಹಾಕಿದ್ದಳು. ಹಾಗಾದರೆ ಹಿಂದಿನ ವರ್ಷ ಇದೇ ತಿಂಗಳಲ್ಲಿ ನಲವತ್ತೈದರ ಒಳಗಿನವರು ಎಷ್ಟು ಜನ ಹೀಗೆ ದಿಢೀರನೆ ಹೋದರು? ಆ ಲೆಕ್ಕ ಯಾರ ಹತ್ತಿರ ಇದೆ? ತರಗತಿಯೆಲ್ಲ ಸುಮ್ಮನಾಯಿತು. ಮನೆಯಲ್ಲಿ ಸತ್ತವರಿಗೆ ಕಾರಣ ಬರೆಯುವವರು ಯಾರು ದೊಡ್ಡಮ್ಮ? ‘ಎದೆನೋವು ಅಂದ, ಹೋಗ್ಬಿಟ್ಟ’ ಅನ್ನುವುದೇ ದಾಖಲೆ.

ಸರ್ಕಾರ ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. ಅವರು 24 ಸಾವುಗಳನ್ನು ಪರಿಶೀಲಿಸಿದರು. ನಾಲ್ಕಕ್ಕೆ ಹೃದಯ ಕಾರಣವೇ ಅಲ್ಲ. ಉಳಿದವುಗಳಲ್ಲಿ ಕಂಡದ್ದು ನಮಗೆಲ್ಲ ಗೊತ್ತಿರುವ ಹಳೆಯ ಶತ್ರುಗಳೇ: ಬಿಪಿ, ಶುಗರ್, ಸಿಗರೇಟು, ಕುಡಿತ, ಬೊಜ್ಜು, ಮನೆತನದಲ್ಲೇ ಇದ್ದ ಹೃದ್ರೋಗ. ಸತ್ತವರಲ್ಲಿ ಆಟೊ, ಟ್ಯಾಕ್ಸಿ ಓಡಿಸುವವರೂ ಇದ್ದರು. ಸಾವಿನ ಸಂಖ್ಯೆ ಅಸಹಜವಾಗಿ ಏರಿಲ್ಲ, ಲಸಿಕೆಯ ನಂಟೂ ಕಾಣಲಿಲ್ಲ ಅಂತ ವರದಿ ಹೇಳಿತು. ಹಲವರಿಗೆ ಮರಣೋತ್ತರ ಪರೀಕ್ಷೆಯೇ ಆಗಿರಲಿಲ್ಲ. ಹಾಗಿರುವಾಗ ಮನೆಯವರನ್ನು ಕೂರಿಸಿಕೊಂಡು ಕೇಳಿಯೇ ತಿಳಿಯಬೇಕು. ನೋವು ಎಲ್ಲಿ ಶುರುವಾಯಿತು, ಬೆವರಿತ್ತಾ, ಹಿಂದೆ ಯಾವ ಮಾತ್ರೆ ತಗೊಳ್ಳುತ್ತಿದ್ದರು, ಯಾವಾಗ ಬಿಟ್ಟರು? ಮಗ ಸತ್ತ ಮನೆಯಲ್ಲಿ ಇದನ್ನು ಕೇಳುವುದು ಹುಡುಗಾಟವಲ್ಲ. ಯಾವ ಮಾತು ಮೊದಲು, ಯಾವುದು ಆಮೇಲೆ, ಯಾವಾಗ ಪೆನ್ನು ಕೆಳಗಿಟ್ಟು ಸುಮ್ಮನೆ ಕೂರಬೇಕು ಅನ್ನುವುದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ನಮ್ಮ ಸಮುದಾಯ ವೈದ್ಯಕೀಯ ವಿಷಯಕ್ಕೆ ‘ಪಾರ್ಕ್’ ಅಂತ ಇಟ್ಟಿಗೆ ದಪ್ಪದ ಒಂದು ಪುಸ್ತಕ ಇದೆ. ಮಕ್ಕಳು ಅದನ್ನು ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದು ಪಾಸಾಗುತ್ತಾರೆ, ಮನೆಯೊಳಗೆ ಕಾಲಿಡುವುದು ಮಾತ್ರ ಬರುವುದಿಲ್ಲ.

ಆಸ್ಪತ್ರೆಯಲ್ಲಿ ಕಲಿತ ಡಾಕ್ಟರಿಗೆ ಬಾಗಿಲಿಗೆ ಬಂದವರು ಮಾತ್ರ ಗೊತ್ತು. ಬಾರದೇ ಉಳಿದವರು ಎಷ್ಟು, ಯಾಕೆ ಬರಲಿಲ್ಲ ಅಂತ ಅವನಿಗೆ ತಿಳಿಯುವುದೇ ಇಲ್ಲ. ಹಾವು ಕಚ್ಚಿದ್ದನ್ನೇ ತಗೋ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ. ಆದರೆ ರಾಗಿ ಕೊಯ್ಲಿನಲ್ಲಿ ಕಚ್ಚಿಸಿಕೊಂಡು ನಾಟಿ ಔಷಧಿಯವರ ಹತ್ತಿರ ಹೋದವನು ಬದುಕಿದರೂ ಸತ್ತರೂ ಆ ಪಟ್ಟಿಗೆ ಬರುವುದಿಲ್ಲ. ಅವನ ಮನೆಗೆ ಹೋದವರಿಗೆ ಮಾತ್ರ ಗೊತ್ತಾಗುತ್ತೆ. ಮಕ್ಕಳು ನಿಮ್ಮೂರಿಗೆ ಬರುವುದು ‘ಎಷ್ಟರಲ್ಲಿ ಎಷ್ಟು’ ಅನ್ನುವ ಲೆಕ್ಕದ ಕೆಳಗಿನ ಸಂಖ್ಯೆಗೆ. ಎಷ್ಟು ಜನಕ್ಕೆ ಕಾಯಿಲೆ ಅಂತ ಆಸ್ಪತ್ರೆ ಹೇಳಬಹುದು, ಎಷ್ಟು ಜನರಲ್ಲಿ ಅಂತ ಊರು ಮಾತ್ರ ಹೇಳಬಲ್ಲದು.

ಇದೆಲ್ಲ ನಿನಗೆ ಹೊಸದೇ? ಅಂಗನವಾಡಿ ಟೀಚರಾಗಿದ್ದಾಗ ನೀನು ಮಾಡಿದ್ದೂ ಇದನ್ನೇ. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ನಿಮ್ಮೂರಿಗೆ ಬರುವ ಹೊತ್ತಿಗೆ ನಿನ್ನ ತಲೆಯಲ್ಲಿ ಒಂದು ಕೂದಲು ಬೆಳ್ಳಗಾಗಿತ್ತು ಅಂತ ನೀನೇ ನಗುತ್ತಿದ್ದೆ. ತೊಲೆಗೆ ತಕ್ಕಡಿ ನೇತುಹಾಕಿ, ಕಿರುಚುವ ಮಗುವನ್ನು ಜೋಲಿಯಲ್ಲಿ ಕೂರಿಸಿ, ಮುಳ್ಳು ನಿಲ್ಲುವ ತನಕ ನೀನು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದುದನ್ನು ನಾನು ರಜೆಗೆ ಬಂದಾಗ ನೋಡಿದ್ದೇನೆ. ಆಮೇಲೆ ಆ ಮೂರು ಬಣ್ಣದ ಚಾರ್ಟಿನಲ್ಲಿ ಚುಕ್ಕೆ ಇಡುತ್ತಿದ್ದೆ. ಚುಕ್ಕೆ ಕೆಳಗಿಳಿದರೆ ಸಂಜೆ ಆ ಮನೆಗೆ ಹೋಗುತ್ತಿದ್ದೆ, ಯಾವುದೋ ನೆವ ಹೇಳಿಕೊಂಡು. ಬಸುರಿ ಸೊಸೆಯ ವಿಷಯ ಅತ್ತೆ ಮುಂದೆ ಕೇಳುತ್ತಿರಲಿಲ್ಲ, ನಲ್ಲಿ ಹತ್ತಿರ ಬಿಂದಿಗೆ ತುಂಬುವಾಗ ಕೇಳುತ್ತಿದ್ದೆ. ಕೇಳುವಾಗ ಪುಸ್ತಕ ತೆಗೆಯುತ್ತಿರಲಿಲ್ಲ, ಮನೆಗೆ ಬಂದು ದೀಪ ಹಚ್ಚಿದ ಮೇಲೆ ಬರೆಯುತ್ತಿದ್ದೆ. ನಮ್ಮ ಮಕ್ಕಳು ಏನು ಮಾಡುತ್ತಾರೆ ಗೊತ್ತಾ? ಹೊಸಿಲಲ್ಲಿ ನಿಂತು ಮೊಬೈಲ್ ತೆಗೆದು ‘ಆದಾಯ ಎಷ್ಟು?’ ಅನ್ನುತ್ತಾರೆ. ಊರಿನವರು ಬಿಪಿಎಲ್ ಕಾರ್ಡು ರದ್ದು ಮಾಡಲು ಬಂದವರು ಅಂದುಕೊಂಡು ಹಸು, ಬೋರ್‌ವೆಲ್, ತೋಟ ಎಲ್ಲವನ್ನೂ ಮುಚ್ಚಿಡುತ್ತಾರೆ. ತೆಂಗಿನ ತೋಟದ ಮಧ್ಯೆ ಕೂತೇ ‘ಕೂಲಿ ಸ್ವಾಮಿ’ ಅನ್ನುತ್ತಾರೆ. ಅಲ್ಲಿಗೆ ಲೆಕ್ಕ ಹಳ್ಳ ಹಿಡಿಯಿತು.

ಹಾಗಂತ ಇವರು ದಡ್ಡರಲ್ಲ. ಹಿಂದಿನ ಬ್ಯಾಚು ಹೊಳೆನರಸೀಪುರದ ಕಡೆಯ ಒಂದು ಊರಿಗೆ ಹೋಗಿತ್ತು. ಒಬ್ಬ ಹುಡುಗ ಉಪ್ಪಿನ ಲೆಕ್ಕಕ್ಕೆ ಕೂತ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಮನೆಯಲ್ಲಿ ಐದು ಜನ, ಅಂದರೆ ದಿನಕ್ಕೆ 25 ಗ್ರಾಂ, ಒಂದು ಕೆಜಿ ಪ್ಯಾಕೆಟ್ 40 ದಿನ ಬರಬೇಕು. ಅಜ್ಜಿ ಹದಿನೈದು ದಿನಕ್ಕೆ ಮುಗಿಯುತ್ತೆ ಅಂದರು. ಹುಡುಗ ಲೆಕ್ಕ ಹಾಕಿದ, ತಲೆಗೆ 13 ಗ್ರಾಂ! ಮನೆಯವರೆಲ್ಲರಿಗೂ ಇವತ್ತೋ ನಾಳೆಯೋ ಲಕ್ವ ಹೊಡೆಯುತ್ತೆ ಅನ್ನುವ ಮುಖ ಮಾಡಿಕೊಂಡು ನನ್ನ ಹತ್ತಿರ ಓಡಿ ಬಂದ. ನಾನು ಅಜ್ಜಿಯನ್ನು ಕೇಳಿದೆ. ‘ಅದ್ರಲ್ಲಿ ಅರ್ಧ ಹಸೀನ ಕಲಗಚ್ಚಿಗೆ ಹೋಗ್ತದಲ್ಲವ್ವ’ ಅಂದರು. ಹುಡುಗ ಹಾಳೆಯಲ್ಲಿ 13 ಹೊಡೆದುಹಾಕಿ ಆರೂವರೆ ಬರೆದುಕೊಂಡ. ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಉಪ್ಪಿನಕಾಯಿ ಭರಣಿ ತಂದು ಬಡಿಸಲು ಕೂತರು. ಇದರ ಉಪ್ಪು? ‘ಅದು ಕಲ್ಲುಪ್ಪು, ಬೇರೆ ತರ್ತೀವಿ.’ ಪಾಪ, ಮತ್ತೆ ಹೊಡೆದುಹಾಕಿದ. ನನ್ನ ಕೇಳಿದರೆ ಆ ಹುಡುಗ ಆ ದಿನ ಕಲಿತಷ್ಟನ್ನು ಒಂದು ವರ್ಷದ ಉಪನ್ಯಾಸದಲ್ಲಿ ಕಲಿಸಲು ನನಗೆ ಆಗುತ್ತಿರಲಿಲ್ಲ. ಪ್ರಶ್ನೆ ಕೇಳುವ ಮೊದಲು ಹಿತ್ತಿಲು ನೋಡಬೇಕು ಅಂತ ಈಗ ಅವನೇ ಜೂನಿಯರ್‌ಗಳಿಗೆ ಹೇಳುತ್ತಾನೆ.

ಅದೇ ಊರಿನಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಗೋಡೆಯ ಗೂಡಿನಲ್ಲಿ ಬಿಪಿ ಮಾತ್ರೆಯ ಪಟ್ಟಿಗಳು ಹಾಗೇ ಉಳಿದಿದ್ದವು. ಯಜಮಾನರು ತಿಂಗಳು ತಿಂಗಳು ತಪ್ಪದೆ ಹೋಗಿ ತರುತ್ತಿದ್ದರು, ನುಂಗುತ್ತಿರಲಿಲ್ಲ. ಯಾಕೆ ಅಂದರೆ, ಮೊದಲು ಕೊಡುತ್ತಿದ್ದ ಮಾತ್ರೆ ಬಿಳಿ, ಈಗಿನದು ಬೇರೆ ಬಣ್ಣ, ಯಾರದೋ ಮಾತ್ರೆ ತನಗೆ ಕೊಟ್ಟಿದ್ದಾರೆ ಅಂತ ಗುಮಾನಿ. ಔಷಧಿ ಅದೇ, ಕಂಪನಿ ಬೇರೆ. ಆಸ್ಪತ್ರೆಯ ಪುಸ್ತಕದಲ್ಲಿ ಅವರು ‘ನಿಯಮಿತವಾಗಿ ಚಿಕಿತ್ಸೆ ಪಡೆಯುತ್ತಿರುವವರು’. ಗೂಡು ನೋಡಿದ ವಿದ್ಯಾರ್ಥಿನಿಗೆ ಮಾತ್ರ ನಿಜ ಗೊತ್ತು.

ನೀನೂ ತಲೆ ಸುತ್ತಿದ ದಿನ ಮಾತ್ರ ಮಾತ್ರೆ ತಗೊಳ್ಳುತ್ತೀಯ ಅಂತ ಅತ್ತಿಗೆ ಹೇಳಿದಳು. ಬಿಪಿ ಇರುವುದು ತಲೆ ಸುತ್ತಿದ ದಿನ ಮಾತ್ರ ಅಲ್ಲ ದೊಡ್ಡಮ್ಮ. ನೀನು ದತ್ತು ಮನೆಯವಳಾದರೆ ಮಕ್ಕಳು ನಿನ್ನ ಡಬ್ಬಿಯಲ್ಲಿ ಮಾತ್ರೆ ಎಣಿಸುತ್ತಾರೆ, ಈಗಲೇ ಹೇಳಿರುತ್ತೇನೆ. ಇನ್ನೊಂದು ವಿಷಯವನ್ನೂ ಊರಿನಲ್ಲಿ ಹೇಳು. ಎದೆ ಉರಿ, ಎಡಗೈ ಸೆಳೆತ, ಬೆವರು ಬಂದರೆ ‘ಗ್ಯಾಸ್ಟ್ರಿಕ್’ ಅಂತ ಸೋಡಾ ಕುಡಿದು ಮಲಗಬಾರದು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೂರದಲ್ಲಿರುವ ತಜ್ಞರಿಗೆ ತೋರಿಸಿ, ಬೇಕಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ಏರ್ಪಾಡು ಬಂದಿದೆ. ಮೊದಲು ಹೋಗಬೇಕಾದ್ದು ಚನ್ನರಾಯಪಟ್ಟಣಕ್ಕೆ. ಮೈಸೂರು ಆಮೇಲೆ.

ಈ ದತ್ತು ಯೋಜನೆ ಎಲ್ಲ ಕಡೆ ಚೆನ್ನಾಗಿ ನಡೆಯುತ್ತಿದೆ ಅಂತ ನಾನು ಹೇಳಲಾರೆ. ಬಸ್ಸಿಳಿದು ಗುಂಪು ಫೋಟೊ ತೆಗೆಸಿಕೊಂಡು, ಲಾಗ್ ಬುಕ್ಕಿಗೆ ಸಹಿ ಹಾಕಿಸಿಕೊಂಡು ಹೋಗುವ ತಂಡಗಳೂ ಇವೆ. ನಾಲ್ಕು ಸಲ ಬಂದು ಅದೇ ಪ್ರಶ್ನೆ ಕೇಳಿದರೆ ಯಾರಿಗೆ ತಾನೇ ಬೇಸರ ಬರುವುದಿಲ್ಲ? ಹದಿನೆಂಟು ವರ್ಷದ ಹುಡುಗನಿಗೆ ಚಿಕಿತ್ಸೆ ಕೊಡಲು ಬರುವುದಿಲ್ಲ, ಕೊಡಲೂಬಾರದು. ಆದರೆ ಅವನು ಬರೆದುಕೊಂಡದ್ದನ್ನು ಮನೆಯವರಿಗೆ ಓದಿ ಹೇಳಬಲ್ಲ. ಅಜ್ಜನ ಕಣ್ಣಿನ ಪೊರೆಗೆ ಆಪರೇಷನ್ ಯಾವ ದಿನ ಅಂತ ಕೇಳಿಕೊಂಡು ಬರಬಲ್ಲ, ಅವರ ಜೊತೆ ಆಸ್ಪತ್ರೆಗೆ ಬಂದು ಸಾಲಿನಲ್ಲಿ ನಿಲ್ಲಬಲ್ಲ. ಇಷ್ಟನ್ನಾದರೂ ಮಾಡದ ತಂಡವನ್ನು ಊರೊಳಗೆ ಬಿಡಬೇಡಿ ಅಂತಲೇ ನಾನು ನಿಮ್ಮ ಊರಿನವರಿಗೆ ಹೇಳುವುದು.

ಇನ್ನು ನಿನ್ನಿಂದ ಆಗಬೇಕಾದ ಕೆಲಸ. ರಾಗಿ ಕೊಯ್ಲು ಮುಗಿದ ಮೇಲೆ ಬರುತ್ತೇವೆ, ಅದಕ್ಕೂ ಮುಂಚೆ ಬಂದರೆ ಮನೆಯಲ್ಲಿ ಯಾರೂ ಸಿಗುವುದಿಲ್ಲ. ಆಶಾ ಕಾರ್ಯಕರ್ತೆಯ ಜೊತೆ ಕೂತು ಮನೆಗಳ ಪಟ್ಟಿ ಮಾಡು. ರಸ್ತೆ ಬದಿಯ ಆರ್‌ಸಿಸಿ ಮನೆಗಳನ್ನೇ ಆರಿಸಬೇಡಿ. ಕಾಲೋನಿಯವು, ತೋಟದ ಮನೆಗಳು, ಒಂಟಿ ಮುದುಕಿ ಇರುವ ಮನೆ, ಅಳಿಯನ ಜೊತೆ ಜಗಳವಾಡಿ ಯಾರನ್ನೂ ಒಳಗೆ ಸೇರಿಸದ ಆ ಯಜಮಾನರ ಮನೆ ಎಲ್ಲವೂ ಇರಲಿ. ಅವರ ಮನೆಗೆ ಯಾವ ವಿದ್ಯಾರ್ಥಿಯನ್ನು ಕಳಿಸಬೇಕು ಅಂತ ನಾನು ಆಗಲೇ ಯೋಚಿಸಿಟ್ಟಿದ್ದೇನೆ. ಹಾಲು ಕರೆಯುವ ಮನೆಗಳಲ್ಲಿ ಕರು ಹಾಕಿಸುವವರು, ಕಸ ಬೀಳದಿದ್ದರೆ ಬರಿಗೈಯಲ್ಲಿ ತೆಗೆಯುವವರು ಯಾರು ಅಂತಲೂ ವಿಚಾರಿಸಿಡು. ವಾರಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ಅಂಥವರಿಗಿದ್ದರೆ ಬ್ರುಸೆಲ್ಲೋಸಿಸ್ ಅಂತ ಒಂದು ಕಾಯಿಲೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಬೇಕು. ಪಶು ವೈದ್ಯರನ್ನೂ ಆ ದಿನ ಕರೆಸಲು ನೋಡುತ್ತೇನೆ.

ಮಕ್ಕಳಲ್ಲಿ ಕೆಲವರಿಗೆ ಕನ್ನಡ ಬಾರದು. ಹೊರ ರಾಜ್ಯದವರು, ಈಗಷ್ಟೇ ‘ಕೆಮ್ಮು ಇದೆಯಾ? ಎಷ್ಟು ದಿನದಿಂದ?’ ಅಂತ ಕಲಿಯುತ್ತಿದ್ದಾರೆ. ನಗಬೇಡ, ತಿದ್ದು. ಮುಖ್ಯವಾದದ್ದು ಇನ್ನೊಂದಿದೆ. ಮನೆಗಳಿಗೆ ಕಳಿಸುವ ಮೊದಲು ನೀನು ಅವರ ಜೊತೆ ಒಂದು ಗಂಟೆ ಕೂರಬೇಕು. ಹಳೆಯ ಅಂಗನವಾಡಿ ಕಟ್ಟಡದ ಜಗಲಿ ಆದರೂ ಸಾಕು. ಆ ನಲ್ಲಿಯ ಹತ್ತಿರದ ಮಾತು, ಅತ್ತೆ ಮುಂದೆ ಕೇಳಬಾರದ್ದು, ಪುಸ್ತಕ ಯಾವಾಗ ತೆಗೆಯಬೇಕು ಅನ್ನುವುದು ಎಲ್ಲ ಹೇಳು. ‘ನನಗೇನು ಬರುತ್ತೆ, ನಾನು ಡಾಕ್ಟರಾ’ ಅನ್ನಬೇಡ.

ಅಡುಗೆ ಮಾಡಿಸಬೇಡ. ಊಟ ನಾವೇ ತರುತ್ತೇವೆ, ಮಜ್ಜಿಗೆ ಕೊಟ್ಟರೆ ಬೇಡ ಅನ್ನುವುದಿಲ್ಲ. ಬಸ್ಸು ಊರೊಳಗೆ ತಿರುಗುವುದಿಲ್ಲ, ಡೈರಿ ಹತ್ತಿರ ನಿಲ್ಲಿಸಲು ಜಾಗ ಇದೆಯಾ ಅಂತ ಅಣ್ಣನನ್ನು ನೋಡಿ ಬರಲು ಹೇಳು. ಪಟ್ಟಿ ಆದ ತಕ್ಷಣ ಅತ್ತಿಗೆಯ ಫೋನಿನಲ್ಲಿ ಫೋಟೊ ತೆಗೆಸಿ ಕಳಿಸು.

ನಿನ್ನ ಮಗಳು